ಸೌಧದ ಹೊರಮೈ: ಗಾರೆಗೋಡೆಗಳ ಸಂರಕ್ಷಣೆಯನ್ನು ಕುರಿತು

'ಸೌಧ' ಎಂಬ ಶಬ್ದವನ್ನು ನಾವು ದಿನಬಳಕೆಯಲ್ಲಿ ಭವ್ಯವಾದ ಕಟ್ಟಡವೆಂಬ ಅರ್ಥದಲ್ಲಿ ಪ್ರಯೋಗಿಸುತ್ತೇವೆ. ಆ ಶಬ್ದದ ಮೂಲವನ್ನು ಅರಸಿ ಹೋದವರಿಗೆ ದೊರೆಯುವುದು ಕಲ್ಲೂ ಅಲ್ಲ, ಮರವೂ ಅಲ್ಲ; ಸುಣ್ಣ. 'ಸುಧಾ' ಎಂದರೆ ಸುಣ್ಣದ ಗಾರೆ. ಸುಧೆಯಿಂದ ಲೇಪಿತವಾದುದು ಸೌಧ. ಸುಧಾ ಶಬ್ದಕ್ಕೆ ಲೇಪ, ಅಮೃತ, ಕಳ್ಳಿಗಿಡ ಎಂಬ ಮೂರು ಅರ್ಥಗಳಿರುವುದು ಅಮರಕೋಶವನ್ನು ಅಭ್ಯಾಸ ಮಾಡಿದವರಿಗೆ ತಿಳಿದ ಸಂಗತಿ. ನಮ್ಮ ಕನ್ನಡದ 'ಸುಣ್ಣ'ವಾದರೋ ಸಂಸ್ಕೃತದ 'ಚೂರ್ಣ'ದ ತದ್ಭವ. 1956ರಲ್ಲಿ ಪೂರ್ಣಗೊಂಡ ಬೆಂಗಳೂರಿನ ವಿಧಾನಸೌಧದ ಹೊರಮೈ ಕಣಶಿಲೆಯದು. ಗಾರೆಯ ಹೊದಿಕೆ ಅದಕ್ಕಿಲ್ಲ. ಆದರೂ ಹೆಸರಿನಲ್ಲಿ ಮಾತ್ರ ಸುಣ್ಣ ಉಳಿದುಬಂದಿದೆ. ಪೂರ್ವಿಕರ ದೃಷ್ಟಿಯಲ್ಲಿ ಕಟ್ಟಡಕ್ಕೆ ಸೌಧವೆಂಬ ಪದವಿ ಬರುತ್ತಿದ್ದುದು ಅದರ ಎತ್ತರದಿಂದಲ್ಲ, ಹೊರಮೈಗೆ ಒದಗಿದ ಲೇಪದಿಂದ ಎಂಬುದನ್ನು ಈ ವ್ಯುತ್ಪತ್ತಿಯು ಸೂಚಿಸುತ್ತದೆ.

ಲೇಪದ ವಿಚಾರದಲ್ಲಿ ನಮ್ಮ ಹಿರಿಯರು ಉದಾಸೀನರಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಕಾಯಿ, ಬೀಜ, ಅಂಟುಗಳ ಕಷಾಯದಿಂದ ಸಿದ್ಧಪಡಿಸುವ 'ವಜ್ರಲೇಪ'ಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಹೊಯ್ಸಳ ವಿಷ್ಣುವರ್ಧನನ ಸಮಕಾಲೀನನಾದ ಚಾಲುಕ್ಯ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಚಿತ್ರಭಿತ್ತಿಯನ್ನು ಸುಧೆಯಿಂದ ನಯಗೊಳಿಸುವ ಕ್ರಮವನ್ನು ವಿವರಿಸಿದನು. ಗೋಡೆ ಕಟ್ಟುವುದು ಒಂದು ವಿದ್ಯೆಯಾದರೆ ಗೋಡೆಯನ್ನು ಕಾಯುವುದು ಅದರಷ್ಟೇ ತೂಕದ ಇನ್ನೊಂದು ವಿದ್ಯೆ. "ಮನೆ ಕಟ್ಟಿ ನೋಡು" ಎಂಬ ಗಾದೆ ಕಟ್ಟುವವರ ಕಷ್ಟವನ್ನು ಹೇಳುತ್ತದೆ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳುವವರ ಕಷ್ಟವನ್ನು ಹೇಳುವ ಗಾದೆ ಪ್ರಚಾರದಲ್ಲಿಲ್ಲ. ಪ್ರಕೃತ ಲೇಖನದ ವಿಷಯ ಈ ಎರಡನೆಯದು.

ಗಾರೆಯ ಸ್ವರೂಪ

ಸುಣ್ಣಕಲ್ಲನ್ನೋ ಕಪ್ಪೆಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲವಾಯು ಹೊರಟುಹೋಗಿ ಸುಟ್ಟಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ತಗುಲಿದರೆ ಕುದಿದು, ಬಿರಿದು, ಅರಳುತ್ತದೆ. ಹೀಗೆ ಅರಳಿದ ಸುಣ್ಣವನ್ನು ನೀರಿನಡಿಯಲ್ಲಿ ವಾರಗಟ್ಟಲೆ ಕೊಳೆಹಾಕಿದಷ್ಟೂ ಅದು ಬೆಣ್ಣೆಯಂತೆ ಹದಗೊಳ್ಳುತ್ತದೆ. ಮರಳಿನೊಡನೆ ಬೆರೆಸಿ ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣ ಗಾರೆಯಾಗಿ, ಗಾರೆ ಪುನಃ ಕಲ್ಲಾಗುವ ಈ ಪರಿವರ್ತನೆಗೆ ತಿಂಗಳುಗಳೂ ಒಮ್ಮೊಮ್ಮೆ ವರ್ಷಗಳೂ ಹಿಡಿಯುತ್ತವೆ. ಗಾರೆ ಕೆಲಸದಲ್ಲಿ ಆತುರ ಸಲ್ಲದೆಂದು ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದುದರ ಮರ್ಮ ಇದೇ.

ಎತ್ತುಗಳನ್ನು ಕಟ್ಟಿದ ಗಾಣದಲ್ಲಿ ಸುಣ್ಣ ಮರಳುಗಳನ್ನು ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುವುದು ದಕ್ಷಿಣ ದೇಶದ ಪದ್ಧತಿಯಾಗಿತ್ತು. ನೀರಿನ ಸಂಪರ್ಕದಲ್ಲೇ ಇರಬೇಕಾದ ಕಟ್ಟಡಗಳಿಗೆ ಸುಟ್ಟ ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು, ಬೆರೆಸುತ್ತಿದ್ದರು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಸುರ್ಕಿಗಾರೆಯಿಂದಲೇ ಮೇಲೆದ್ದಿತು. ಸುಣ್ಣವೆಂದರೆ ದುರ್ಬಲವಾದ ವಸ್ತುವೆಂದು ತಿಳಿದವರಿಗೆ ಇದೊಂದು ಉತ್ತರವೇ ಸಾಕು.

ಆದರೆ ಗಾರೆಯ ಹೆಚ್ಚಳ ಬರಿಯ ಗಟ್ಟಿತನದಲ್ಲಿಲ್ಲ. ಅದರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಂಟು. ಮಳೆ ಬಂದಾಗ ಗಾರೆ ಸ್ವಲ್ಪ ನೀರು ಕುಡಿಯುತ್ತದೆ. ಬಿಸಿಲು ಬಂದಾಗ ಆ ನೀರನ್ನು ಬಿಟ್ಟುಕೊಡುತ್ತದೆ. ಮಣ್ಣಿನ ಗೋಡೆ, ಹಸಿ ಇಟ್ಟಿಗೆಯ ಗೋಡೆ, ಮಣ್ಣಿನಲ್ಲಿ ಕಟ್ಟಿದ ಸುಟ್ಟ ಇಟ್ಟಿಗೆಯ ಗೋಡೆ ಇವೆಲ್ಲವೂ ನೆಲದಿಂದ ತೇವವನ್ನು ಹೀರುತ್ತಲೇ ಇರುತ್ತವೆ. ಆ ತೇವ ಹೊರಗೆ ಹೋಗಲು ದಾರಿಯಿದ್ದರೆ ಗೋಡೆ ನೂರು ವರ್ಷ ನಿಲ್ಲುತ್ತದೆ. ದಾರಿ ಮುಚ್ಚಿದರೆ ಒಳಗೊಳಗೇ ಕರಗುತ್ತದೆ. ಗೋಡೆಯ ರಕ್ಷಣೆಯ ಶಾಸ್ತ್ರವೆಲ್ಲ ಈ ಒಂದು ಮಾತಿನ ವಿಸ್ತರಣೆ.

ಮೂರು ಊರುಗಳ ಪಾಠ

ಒಂದೇ ಹಾಸನ ಜಿಲ್ಲೆಯೊಳಗೆ ಹವೆಯ ವೈವಿಧ್ಯ ಎಷ್ಟೆಂಬುದನ್ನು ಬಲ್ಲವರೇ ಬಲ್ಲರು. ಸಕಲೇಶಪುರದ ಕಡೆ ವರ್ಷಕ್ಕೆ 2000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿದರೆ ಅರಸೀಕೆರೆಯ ಸೀಮೆಗೆ ದೊರೆಯುವುದು ಸುಮಾರು 700 ಮಿಲಿಮೀಟರಿನ ಆಸುಪಾಸು. ಬೇಲೂರು ಮಲೆನಾಡಿನ ಅಂಚು. ಹಳೇಬೀಡು ನಡುವಣ ಭೂಮಿ. ಅರಸೀಕೆರೆ ತೆಂಗು ರಾಗಿಗಳ ಬಯಲು. ಬೇಲೂರಿನ ಗೋಡೆಗೆ ಸತತವಾದ ತೇವ ಶತ್ರುವಾದರೆ ಅರಸೀಕೆರೆಯ ಗೋಡೆಗೆ ಬಿಸಿಲೇ ಮೊದಲ ಶತ್ರು. ಮಾಘ ಫಾಲ್ಗುಣಗಳಲ್ಲಿ ಹಗಲೆಲ್ಲ ಕಾದ ಗೋಡೆ ರಾತ್ರಿ ತಣ್ಣಗಾಗುತ್ತದೆ. ಹಿಗ್ಗುವುದು, ಕುಗ್ಗುವುದು, ಈ ನಿತ್ಯಕರ್ಮದಿಂದ ಕೂದಲೆಳೆಯಷ್ಟು ತೆಳುವಾದ ಬಿರುಕುಗಳು ಹುಟ್ಟುತ್ತವೆ. ಆಮೇಲೆ ಭರಣಿ ಕೃತ್ತಿಕೆಗಳ ಗುಡುಗುಮಳೆ ಗಾಳಿಯೊಡನೆ ಬಂದು ಓರೆಯಾಗಿ ಹೊಡೆದಾಗ ನೀರು ಅದೇ ಬಿರುಕುಗಳ ಮೂಲಕ ಒಳನುಗ್ಗುತ್ತದೆ. ಮಳೆ ಕಡಿಮೆಯಾದ ನಾಡಿನಲ್ಲಿ ಗೋಡೆಗೆ ಅಪಾಯವಿಲ್ಲವೆಂಬ ಭಾವನೆ ಆದ್ದರಿಂದ ಸರಿಯಲ್ಲ. ಬಿಸಿಲು ಬಾಗಿಲು ತೆರೆಯುತ್ತದೆ; ಮಳೆ ಒಳಗೆ ಬರುತ್ತದೆ.

ಈ ಮೂರು ಊರುಗಳಲ್ಲಿ ಹೊಯ್ಸಳರು ಕಟ್ಟಿದ ದೇವಾಲಯಗಳು ಗೋಡೆಯ ರಕ್ಷಣೆಗೂ ಪಠ್ಯಪುಸ್ತಕಗಳೇ ಸರಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ, 1121ರ ಸುಮಾರಿಗೆ ಆರಂಭವಾದ ಹಳೇಬೀಡಿನ ಹೊಯ್ಸಳೇಶ್ವರ, 1220ರ ಸುಮಾರಿನ ಅರಸೀಕೆರೆಯ ಈಶ್ವರ ದೇವಾಲಯ ಇವು ಮೂರೂ ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಬಿರುಸಾಗುವ ಈ ಕಲ್ಲಿಗೆ ಲೇಪದ ಅಗತ್ಯವಿಲ್ಲ. ಅಷ್ಟು ಮಾತ್ರದಿಂದ ಶಿಲ್ಪಿಗಳು ಗೋಡೆಯನ್ನು ಮಳೆಗೆ ಬಿಟ್ಟುಕೊಡಲಿಲ್ಲ. ಬೇಲೂರು ಹಳೇಬೀಡುಗಳಲ್ಲಿ ಎತ್ತರವಾದ ಜಗತಿಯ ಮೇಲೆ ಗೋಡೆಯನ್ನು ನಿಲ್ಲಿಸಿದುದರಿಂದ ನೆಲದ ತೇವ ದೂರವಾಯಿತು. ಮೇಲೆ ಮುಂಚಾಚಿದ ಲೋವೆಯನ್ನು ಇಟ್ಟುದರಿಂದ ಮಳೆನೀರು ವಿಗ್ರಹಗಳ ಮುಖದ ಮೇಲೆ ಇಳಿಯದೆ ದೂರಕ್ಕೆ ಬೀಳುವಂತಾಯಿತು. ಕೆಳಗೆ ಜಗತಿ, ಮೇಲೆ ಲೋವೆ. ನಮ್ಮ ಹಳ್ಳಿಯ ಮನೆಗಳ ಜಗಲಿ ಮತ್ತು ಸೂರು ಇವುಗಳ ಸಾಮಾನ್ಯ ರೂಪಗಳಷ್ಟೇ. ಈ ಎರಡನ್ನು ತೆಗೆದುಹಾಕಿ ಎಷ್ಟು ಬೆಲೆಬಾಳುವ ಲೇಪವನ್ನು ಬಳಿದರೂ ಪ್ರಯೋಜನ ಸ್ವಲ್ಪ.

ಬೇಲೂರಿನಲ್ಲಿಯೇ ಗಾರೆಯ ಪಾಠವೂ ಉಂಟು. ಅಲ್ಲಿಯ ಮಹಾದ್ವಾರದ ಗೋಪುರ ಹಾಳಾದ ಬಳಿಕ 1397ರಲ್ಲಿ, ವಿಜಯನಗರದ ಎರಡನೆಯ ಹರಿಹರನ ಕಾಲದಲ್ಲಿ, ಗುಂಡ ದಂಡನಾಥನು ಅದನ್ನು ಮತ್ತೆ ಕಟ್ಟಿಸಿದನು. ಅದರ ಮೇಲ್ಭಾಗ ಇಟ್ಟಿಗೆ ಗಾರೆಗಳದು. ಒಳಗಿನ ಶಿಲಾಭಿತ್ತಿ ಲೇಪವಿಲ್ಲದೆಯೇ ಒಂಬೈನೂರು ವರ್ಷಗಳನ್ನು ಕಳೆದಿದ್ದರೆ, ಇಟ್ಟಿಗೆಯ ಗೋಪುರ ತಲೆಮಾರಿಗೊಮ್ಮೆಯಾದರೂ ಗಾರೆ ಕೆಲಸದವರ ಕೈಯನ್ನು ಬೇಡುವಂಥದು. ಕಲ್ಲಿಗೆ ಒಪ್ಪುವ ಉಪಚಾರ ಇಟ್ಟಿಗೆಗೆ ಒಪ್ಪುವುದಿಲ್ಲ, ಇಟ್ಟಿಗೆಗೆ ಒಪ್ಪುವುದು ಮಣ್ಣಿಗೆ ಒಪ್ಪುವುದಿಲ್ಲ. ಹಾಗೆಯೇ ಹಳೇಬೀಡಿನ ಕೇದಾರೇಶ್ವರ ದೇವಾಲಯದ ಕಲ್ಲುಸಂದುಗಳಲ್ಲಿ ಆಲದ ಮರವೊಂದು ಬೇರಿಳಿಸಿ ಕಟ್ಟಡವನ್ನು ಸೀಳುತ್ತಿದ್ದುದನ್ನು 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಬರೆದಿಟ್ಟನು. ಆ ದೇವಾಲಯದ ಶಿಖರ ಇಂದು ಇಲ್ಲ. ಹಕ್ಕಿ ತಂದ ಒಂದು ಬೀಜ, ಅದನ್ನು ಕಿತ್ತೊಗೆಯದ ಕೆಲವು ವರ್ಷಗಳು. ರಾಜರ ಸಂಪತ್ತಿನಿಂದ ಮೂಡಿದ್ದು ಅಷ್ಟರಿಂದ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು ಹೆಮ್ಮೆಯ ವಿಷಯವೇ. ಕಲ್ಲುಸಂದಿನ ಸಸಿಯನ್ನು ಕೀಳುವ ಕೈ ಮಾತ್ರ ಆ ಪಟ್ಟಿಯ ಜೊತೆಗೇ ದೊರೆಯುವುದಿಲ್ಲ.

ಸಿಮೆಂಟಿನ ಆಗಮನ

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಇಪ್ಪತ್ತನೆಯ ಶತಮಾನದಲ್ಲಿ ಭದ್ರಾವತಿಯಲ್ಲಿಯೂ ತುಮಕೂರು ಜಿಲ್ಲೆಯ ಅಮ್ಮಸಂದ್ರದಲ್ಲಿಯೂ ಸಿಮೆಂಟು ಕಾರ್ಖಾನೆಗಳು ತಲೆಯೆತ್ತಿದುದರಿಂದ ಈ ಸೀಮೆಗೆ ಸಿಮೆಂಟು ಸುಲಭವಾಯಿತು. ತಿಂಗಳುಗಟ್ಟಲೆ ಕಾಯಬೇಕಿದ್ದ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಗಾರೆಗಾಣಗಳು ನಿಂತವು. ಹೊಸದಾಗಿ ಸಿಮೆಂಟಿನಲ್ಲಿ ಕಟ್ಟಿದ ಇಟ್ಟಿಗೆಗೋಡೆಗೆ ಸಿಮೆಂಟಿನ ಗಿಲಾವು ಯೋಗ್ಯವೇ, ಅದರಲ್ಲಿ ದೋಷವೆಣಿಸಲಾಗದು. ದೋಷವಿರುವುದು ಹಳೆಯ ಮಣ್ಣುಗೋಡೆಗಳಿಗೂ ಸುಣ್ಣದ ಗೋಡೆಗಳಿಗೂ ಅದನ್ನೇ ಹೊದಿಸಿದುದರಲ್ಲಿ.

ಮಣ್ಣುಗೋಡೆ ಮೆತುವಾದುದು, ಸಿಮೆಂಟು ಬಿರುಸಾದುದು. ಬಿಸಿಲಿನಲ್ಲಿ ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಕೆಲವು ವರ್ಷಗಳಲ್ಲಿ ಗಿಲಾವು ಗೋಡೆಯಿಂದ ಬಿಟ್ಟುಕೊಂಡು ಕವಚದಂತೆ ನಿಲ್ಲುತ್ತದೆ. ತಟ್ಟಿದರೆ ಟೊಳ್ಳುಸದ್ದು ಬರುತ್ತದೆ. ಬಿರುಕಿನಿಂದ ಒಳಗಿಳಿದ ನೀರು ಹಿಂತಿರುಗಲಾರದೆ ಆ ಟೊಳ್ಳಿನಲ್ಲಿ ತಂಗುತ್ತದೆ. ನೆಲದ ತೇವ ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಮೇಲೇರುತ್ತದೆ; ಮೊಳಕಾಲೆತ್ತರದಲ್ಲಿದ್ದ ಒದ್ದೆ ಎದೆಯೆತ್ತರಕ್ಕೆ ಬರುತ್ತದೆ. ತೇವದೊಡನೆ ಬಂದ ಉಪ್ಪು ಬಿಳಿಯ ಹೂವಿನಂತೆ ಗೋಡೆಯ ಮೇಲೆ ಅರಳಿ ಬಣ್ಣವನ್ನು ಉದುರಿಸುತ್ತದೆ. ಯಜಮಾನರು ಇದನ್ನು ಕಂಡು ಇನ್ನೂ ಗಟ್ಟಿಯಾದ ಸಿಮೆಂಟನ್ನು ಹಚ್ಚಿಸುತ್ತಾರೆ. ರೋಗವೇ ಔಷಧವೆಂದು ಮತ್ತೊಮ್ಮೆ ಪ್ರಯೋಗವಾದಂತೆ ಆಗುತ್ತದೆ. ಹೊರಗಿನಿಂದ ನಯವಾಗಿ ಕಾಣುವ ಎಷ್ಟೋ ಹಳೆಯ ಗೋಡೆಗಳು ಒಳಗೆ ಮಣ್ಣಿನ ರಾಶಿಯಾಗಿರುವುದಕ್ಕೆ ಇದೇ ಕಾರಣ.

ಕೃತಕ ಗಾರೆಯ ವಿಚಾರ

ಸಿಮೆಂಟಿನ ತರುವಾಯ ಬಂದುದು ಕೃತಕ ಗಾರೆ. ಎರಡನೆಯ ಮಹಾಯುದ್ಧದ ಅನಂತರ ಜರ್ಮನಿಯಲ್ಲಿ ಬೆಳೆದ ಈ ವಿಧಾನದಲ್ಲಿ ಗೋಡೆಗೆ ಥರ್ಮೊಕೋಲ್ ಜಾತಿಯ ಹಲಗೆಯನ್ನು ಅಂಟಿಸಿ, ಅದರ ಮೇಲೆ ಗಾಜಿನ ನಾರಿನ ಬಲೆಯನ್ನು ಹುದುಗಿಸಿ, ಕೊನೆಗೆ ಅಕ್ರಿಲಿಕ್ ಎಂಬ ರಾಳವುಳ್ಳ ತೆಳುಲೇಪವನ್ನು ಎಳೆಯುತ್ತಾರೆ. 1969ರಲ್ಲಿ ಇದು ಅಮೆರಿಕವನ್ನು ಪ್ರವೇಶಿಸಿತು. ಚಳಿ ಬಿಸಿಲುಗಳನ್ನು ತಡೆಯುವ ಗುಣದಿಂದ ಅಲ್ಲಿಯ ಮರುಭೂಮಿಯ ಮನೆಗಳಿಗೂ ಇದು ಪ್ರಿಯವಾಯಿತು. ಜರ್ಮನಿಯಲ್ಲಿ ಗೋಡೆ ಇಟ್ಟಿಗೆಯದಾದುದರಿಂದ ಬಾಧಕವಾಗಲಿಲ್ಲ. ಅಮೆರಿಕದಲ್ಲಿ ಮರದ ಚೌಕಟ್ಟಿನ ಮನೆಗಳಿಗೆ ಇದನ್ನೇ ಹೊದಿಸಿದಾಗ ಕಿಟಕಿಗಳ ಸಂದಿನಿಂದ ಇಳಿದ ನೀರು ಹೊರಹೋಗದೆ ಒಳಗಿನ ಮರ ಕೊಳೆಯಿತು. 1990ರ ದಶಕದ ನಡುವಿನಲ್ಲಿ ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್ ನಗರದಲ್ಲಿ ಇದು ದೊಡ್ಡ ವಿವಾದವೇ ಆಯಿತು. ಆ ಬಳಿಕ ಲೇಪದ ಹಿಂದೆ ನೀರು ಬಸಿದುಹೋಗುವ ದಾರಿಯನ್ನು ಇಡುವ ಕ್ರಮ ಬಂದಿತು. ದೇಶ ಬೇರೆ, ವಸ್ತು ಬೇರೆ. ಗೋಡೆಯ ನಿಯಮ ಮಾತ್ರ ಒಂದೇ.

ನಮ್ಮಲ್ಲಿ ಹಲಗೆಯ ವಿಧಾನ ಅಪರೂಪವಾದರೂ ಅಕ್ರಿಲಿಕ್ ಬಣ್ಣಗಳೂ 'ಟೆಕ್ಸ್ಚರ್' ಎಂದು ಕರೆಯುವ ದಪ್ಪಲೇಪಗಳೂ ತಾಲ್ಲೂಕು ಕೇಂದ್ರಗಳ ತನಕ ಬಂದಿವೆ. ಸಿಮೆಂಟು ಗೋಡೆಯ ಮೇಲೆ ಇಂಥ ಲೇಪವಿದ್ದಲ್ಲಿ ಅದರ ಪಾಲನೆಯ ಕ್ರಮ ಹೀಗೆ: ವರ್ಷಕ್ಕೊಮ್ಮೆ ಮೃದುವಾದ ಕುಂಚದಿಂದ, ಸಾಬೂನುನೀರಿನಿಂದ, ಕೆಳಗಿನಿಂದ ಮೇಲಕ್ಕೆ ತೊಳೆದು ಬಳಿಕ ಮೇಲಿನಿಂದ ಶುದ್ಧನೀರನ್ನು ಬಿಡಬೇಕು. ಮೇಲಿನಿಂದ ತೊಳೆಯಲು ಆರಂಭಿಸಿದರೆ ಕೊಳೆನೀರು ಒಣಗೋಡೆಯ ಮೇಲಿಳಿದು ಗೆರೆಗಳು ನಿಲ್ಲುತ್ತವೆ. ಯಂತ್ರದ ರಭಸದ ನೀರನ್ನು ಹೊಡೆಯಬಾರದು. ಕಿಟಕಿ ಬಾಗಿಲುಗಳ ಸುತ್ತಣ ಸಂದುಗಳನ್ನು ಮಳೆಗಾಲಕ್ಕೆ ಮುನ್ನ ಪರೀಕ್ಷಿಸಿ, ಬಿರಿದಿದ್ದರೆ ಹಿಗ್ಗುವ ಗುಣವುಳ್ಳ ಮೆತ್ತೆಯಿಂದ ತುಂಬಬೇಕು. ಗೋಡೆಯನ್ನು ಕೈಯಿಂದ ಒರಸಿದಾಗ ಸುಣ್ಣದಂಥ ಪುಡಿ ಅಂಟಿದರೆ ಬಿಸಿಲಿನಿಂದ ಲೇಪ ಜೀರ್ಣವಾಗಿದೆ ಎಂದರ್ಥ. ಪಡುವಣ ಮತ್ತು ತೆಂಕಣ ಗೋಡೆಗಳಲ್ಲಿ ಇದು ಮೊದಲು ಕಾಣುತ್ತದೆ. ಹೂಗಿಡಗಳನ್ನು ಗೋಡೆಯಿಂದ ಒಂದೂವರೆ ಅಡಿಯಾದರೂ ದೂರ ಇಡಬೇಕು. ಹಳೆಯ ಮಣ್ಣುಗೋಡೆಗೂ ಸುಣ್ಣದ ಗೋಡೆಗೂ ಈ ಲೇಪವನ್ನು ಬಳಿಯಲೇಬಾರದು.

ಸುಣ್ಣದ ಗೋಡೆಯ ವಾರ್ಷಿಕ ಕ್ರಮ

ನಮ್ಮ ರೈತರು ಮಳೆಯ ನಕ್ಷತ್ರಗಳಿಂದ ಬೇಸಾಯವನ್ನು ನಡೆಸುವಂತೆ ಗೋಡೆಯ ಯಜಮಾನನೂ ತನ್ನ ಕೆಲಸವನ್ನು ಹೊಂದಿಸಿಕೊಳ್ಳಬಹುದು. ಯುಗಾದಿಯಿಂದ ಭರಣಿಯವರೆಗೆ ಮಾಡಿನ ಕೆಲಸ: ಒಡೆದ ಹೆಂಚನ್ನು ಬದಲಿಸುವುದು, ತಗಡಿನ ದೋಣಿಯಲ್ಲಿ ತುಂಬಿದ ಎಲೆ ಕಸಗಳನ್ನು ತೆಗೆಯುವುದು, ನೀರಿಳಿಯುವ ಕೊಳವೆಯ ಬಾಯಿ ಗೋಡೆಗೆ ತಿರುಗಿದೆಯೇ ಎಂದು ನೋಡುವುದು, ಅರಳಿ ಆಲ ಅತ್ತಿಗಳ ಸಸಿಗಳನ್ನು ಬೇರುಸಹಿತ ಕೀಳುವುದು. ಮೊದಲ ಜೋರುಮಳೆಯ ದಿನ ಕೊಡೆ ಹಿಡಿದು ಕಟ್ಟಡವನ್ನು ಒಂದು ಸುತ್ತು ಬಂದರೆ ನೀರು ಎಲ್ಲಿಂದ ಇಳಿಯುತ್ತದೆ, ಎಲ್ಲಿ ಸಿಡಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೆಲ್ಲ ಸ್ಪಷ್ಟವಾಗುತ್ತದೆ. ಈ ಪರೀಕ್ಷೆಗೆ ಸಮನಾದ ಪರೀಕ್ಷೆ ಮತ್ತೊಂದಿಲ್ಲ, ಖರ್ಚೂ ಇಲ್ಲ.

ಸ್ವಾತಿ ವಿಶಾಖೆಗಳು ಕಳೆದ ಮೇಲೆ ಗಾರೆಯ ಕೆಲಸಕ್ಕೆ ಕಾಲ. ಆಗ ಬಿಸಿಲು ಮಂದ. ಕರಣೆಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಹೋಗಿ ಟೊಳ್ಳಾದ ಭಾಗವನ್ನು ಸೀಮೆಸುಣ್ಣದಿಂದ ಗುರುತಿಸಿ, ಅಷ್ಟನ್ನು ಮಾತ್ರ ಕಿತ್ತು, ಗಟ್ಟಿಯಾದುದನ್ನು ಉಳಿಸಿಕೊಳ್ಳಬೇಕು. ಧೂಳನ್ನು ಗುಡಿಸಿ, ನೀರು ಚಿಮುಕಿಸಿ, ಒಂದು ಪಾಲು ಹದವಾದ ಸುಣ್ಣಕ್ಕೆ ಮೂರು ಪಾಲು ತೊಳೆದ ಮರಳಿನ ಗಾರೆಯನ್ನು ಅರ್ಧ ಅಂಗುಲ ಮೀರದ ಪದರಗಳಲ್ಲಿ ಹಚ್ಚಬೇಕು. ಮೊದಲ ಪದರ ಬಿಗಿಯುವ ಮುನ್ನ ಎರಡನೆಯದು ಕೂಡದು. ಮೂಡಣ ಗೋಡೆಯನ್ನು ಮಧ್ಯಾಹ್ನದ ಮೇಲೆ, ಪಡುವಣ ಗೋಡೆಯನ್ನು ಬೆಳಗ್ಗೆ ಮಾಡಿದರೆ ಹಸಿಗಾರೆಗೆ ನೇರಬಿಸಿಲು ತಗುಲದು. ಮೇಲೆ ಒದ್ದೆಗೋಣಿಯನ್ನು ಇಳಿಬಿಟ್ಟು ಒಂದು ವಾರ ಕಾಯಬೇಕು. ಅರಸೀಕೆರೆಯಂಥ ಒಣಹವೆಯಲ್ಲಿ ಗಾರೆ ಕೆಡುವುದು ಹೆಚ್ಚಾಗಿ ಈ ಒಂದು ವಾರದ ಅಲಕ್ಷ್ಯದಿಂದ. ಕಲಸುವ ನೀರು ಉಪ್ಪಾಗಿರಬಾರದು. ಕೊಳವೆಬಾವಿಯ ನೀರು ಉಪ್ಪಾಗಿದ್ದಲ್ಲಿ ಕೂಡಿಟ್ಟ ಮಳೆನೀರನ್ನು ಬಳಸುವುದು ಲೇಸು.

ಕೊನೆಯದು ಸುಣ್ಣ ಬಳಿಯುವುದು. ಸುಟ್ಟಸುಣ್ಣವನ್ನು ಅರಳಿಸಿ ಒಂದು ದಿನ ಬಿಟ್ಟು, ಕಿಲೋ ಒಂದಕ್ಕೆ ಸುಮಾರು ಐದು ಲೀಟರು ನೀರು ಸೇರಿಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟನ್ನು ಕಲಸಿ, ಒಂದು ದಪ್ಪ ಬಳಿತಕ್ಕೆ ಬದಲಾಗಿ ಮೂರು ತೆಳು ಬಳಿತಗಳನ್ನು ಕೊಟ್ಟರೆ ಕೈಗೆ ಅಂಟದ ಬಿಳುಪು ಬರುತ್ತದೆ. ಕೂದಲೆಳೆಯ ಬಿರುಕುಗಳು ಈ ಬಳಿತದಿಂದಲೇ ಮುಚ್ಚಿಹೋಗುತ್ತವೆ. ಪಾದದ ಬಳಿಯ ಕೆಮ್ಮಣ್ಣಿನ ಪಟ್ಟೆಯೂ ಬರಿಯ ಅಲಂಕಾರವಲ್ಲ. ಮಳೆಹನಿ ನೆಲಕ್ಕೆ ಬಿದ್ದು ಸಿಡಿಯುವ ಭಾಗ ಅದು, ವರ್ಷವರ್ಷವೂ ನವೀಕರಿಸಬೇಕಾದ ಭಾಗ. ಸುಣ್ಣ ಅರಳಿಸುವಾಗ ಕುದಿದು ಸಿಡಿಯುವುದರಿಂದ ಮಕ್ಕಳನ್ನು ಹತ್ತಿರ ಬಿಡತಕ್ಕದ್ದಲ್ಲ. ಕಣ್ಣಿಗೆ ಬಿದ್ದರೆ ತಡಮಾಡದೆ ಹೇರಳವಾದ ಶುದ್ಧನೀರಿನಿಂದ ತೊಳೆಯುತ್ತಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಶಾಲೆಗಳಲ್ಲಿ ಈ ಕೆಲಸವನ್ನು ರಜೆಯ ದಿನಗಳಿಗೆ ಇರಿಸಿಕೊಳ್ಳುವುದು ವಿವೇಕ.

ದಾನ ಮತ್ತು ಪಾಲನೆ

ಈ ಜಿಲ್ಲೆಯ ಹಳೆಯ ಶಾಲೆಗಳು, ವಿದ್ಯಾರ್ಥಿನಿಲಯಗಳು, ಛತ್ರಗಳು ಬಹುಮಟ್ಟಿಗೆ ದಾನಿಗಳ ಔದಾರ್ಯದಿಂದ ಎದ್ದವು. ದಪ್ಪ ಗೋಡೆ, ಮಂಗಳೂರು ಹೆಂಚು, ಮುಂದೆ ಜಗಲಿ. ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಅವನ್ನು ಕಟ್ಟಿದ ಕೈಗಳು ಇಂದಿಲ್ಲ. ಗೋಡೆ ಒದ್ದೆಯಾಯಿತೆಂಬ ಕಾರಣಕ್ಕೆ ಕಟ್ಟಡವೇ ಜೀರ್ಣವೆಂದು ತೀರ್ಮಾನಿಸಿ ಕೆಡವುವುದು ವಾಡಿಕೆಯಾಗುತ್ತಿದೆ. ಆ ಒದ್ದೆಗೆ ಮೂಲವಾದುದು ಎಷ್ಟೋ ಬಾರಿ ತೂತುಬಿದ್ದ ಒಂದು ದೋಣಿ ಅಥವಾ ಸದುದ್ದೇಶದಿಂದ ಹೊದಿಸಿದ ಸಿಮೆಂಟು. ಹೊಸ ಕೊಠಡಿಗೆ, ಮಹಾದ್ವಾರಕ್ಕೆ, ಬಣ್ಣಕ್ಕೆ ದಾನಿಗಳು ದೊರೆಯುತ್ತಾರೆ. ಅವುಗಳ ಮೇಲೆ ಹೆಸರು ನಿಲ್ಲುತ್ತದೆ. ದೋಣಿಯ ಎಲೆ ತೆಗೆಸುವುದಕ್ಕೂ ಹೆಂಚು ಬದಲಿಸುವುದಕ್ಕೂ ಒದ್ದೆಗೋಣಿಗೆ ನೀರು ಹಾಕುವ ಆಳಿಗೂ ದಾನ ಕೊಡುವವರು ವಿರಳ, ಅದಕ್ಕೆ ಶಿಲಾಫಲಕವಿಲ್ಲ. ಕಟ್ಟಡಕ್ಕೆಂದು ಕೊಟ್ಟ ಹಣದಲ್ಲಿ ಒಂದು ಭಾಗವನ್ನು ಬಡ್ಡಿಗಿರಿಸಿ ವರ್ಷವರ್ಷದ ಪಾಲನೆಗೆ ಮೀಸಲಿಡುವ ಪದ್ಧತಿ ಬಂದರೆ ಹಿಂದಿನವರ ದಾನವೂ ಉಳಿಯುತ್ತದೆ, ಇಂದಿನವರ ದಾನವೂ ಸಾರ್ಥಕವಾಗುತ್ತದೆ. ಹಳೆಯ ಗಾರೆಯ ಹದವನ್ನು ಬಲ್ಲ ಮೇಸ್ತ್ರಿಗಳು ಇನ್ನೂ ಅಲ್ಲಲ್ಲಿ ಇರುವಾಗಲೇ ಅವರ ಕೈಕೆಳಗೆ ಇಬ್ಬರು ತರುಣರು ಕಲಿಯುವಂತೆ ಏರ್ಪಾಡು ಮಾಡುವುದೂ ಅಷ್ಟೇ ಅವಶ್ಯ. ಗೋಡೆಗೆ ಸುಣ್ಣ ಬಳಿಯುವುದು ಕೀಳು ಕೆಲಸವೆಂಬ ಭಾವನೆ ಹೋಗಿ, ಅದೂ ವಿದ್ಯಾದಾನದ ಒಂದು ಅಂಗವೆಂಬ ತಿಳಿವಳಿಕೆ ಬರಬೇಕು. ಮಕ್ಕಳು ಕುಳಿತು ಓದುವ ಗೋಡೆಯ ಮಗ್ಗುಲು ಒಣಗಿದ್ದರೆ ತಾನೇ ಪಾಠ ನಿಶ್ಚಿಂತೆಯಿಂದ ನಡೆಯುವುದು!